ಚಳಿಗಾಲಕ್ಕೆ ಕಾರು ಯಾರ ಮನೆಗೆ

ಇದ್ರಿಸ್ ಪ್ಯೂ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಮಿಕ್ಕಂತೆ ಅವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ವಾರಪೂರ್ತಿ ಶಾಲೆಯ ಬಸ್ಸು ಓಡಿಸುತ್ತಾನೆ. ನಮ್ಮ ಕಡೆಯ ಕಿರುದಾರಿಗಳಲ್ಲಿ ಮುಂದೆ ಕುರಿ, ಕುರಿ ದಾಟಿದರೆ ಟ್ರ್ಯಾಕ್ಟರು, ಬೆನ್ನ ಹಿಂದೆ ಮಕ್ಕಳ ಗಲಾಟೆ. ಬಸ್ಸು ಆಮೆಯ ಹಾಗೆ ಹೋಗಬೇಕು. ಆ ನಿಧಾನದ ಸೇಡನ್ನೆಲ್ಲ ಅವನು ಶನಿವಾರ ಭಾನುವಾರ ಹ್ಯಾಸಲ್ ಬ್ಯಾಂಕ್ ಗುಡ್ಡದ ಮೇಲೆ ತೀರಿಸಿಕೊಳ್ಳುತ್ತಾನೆ. ಗುಡ್ಡವೆಂದರೆ ಒಂದು ಜಮೀನಿನ ಒಳದಾರಿ, ಬೀಚ್ ಎಂಬ ಎತ್ತರದ ಮರಗಳ ನಡುವೆ ತಿರುಗಿ ತಿರುಗಿ ಮೇಲೇರುತ್ತದೆ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಹತ್ತಿ ಮುಗಿಸಲು ಒಂದು ನಿಮಿಷವೂ ಬೇಡ. ಅಷ್ಟಕ್ಕಾಗಿ ಎರಡು ದಿನ ಒದ್ದೆ ಹುಲ್ಲಿನಲ್ಲಿ ಫ್ಲಾಸ್ಕಿನ ಚಹಾ ಕುಡಿಯುತ್ತ ಕಾಯುವ ಹುಚ್ಚರ ಸಂಘ ನಮ್ಮದು.

ನಾನು ಡಿಲಿಸ್. ನನ್ನದೂ ಒಂದು ಹಳೆಯ ಕಾರಿದೆ. ನನ್ನ ವರ್ಗದಲ್ಲಿ ಕೊನೆಯ ಸ್ಥಾನವನ್ನು ಬಹುಕಾಲದಿಂದ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕಾರುಗಳು ನಿಲ್ಲುವ ಹುಲ್ಲುಗಾವಲಿನಲ್ಲಿ ನನ್ನ ಜಾಗ ಯಾವಾಗಲೂ ಇದ್ರಿಸ್ ಮತ್ತು ಹಿಲರಿಯ ಪಕ್ಕ, ಆದ್ದರಿಂದ ಅವರ ಜಗಳಗಳೆಲ್ಲ ನನ್ನ ಕಿವಿಗೆ ಪುಕ್ಕಟೆ.

ಅವರಿಬ್ಬರು ಗಂಡ ಹೆಂಡತಿಯಾಗಿದ್ದವರು. ಮದುವೆಯಾದ ವರ್ಷವೇ ಗ್ಯಾರೇಜಿನಲ್ಲಿ ಒಂದೊಂದೇ ಭಾಗ ತಂದು ಜೋಡಿಸಿ ಆ ಪುಟ್ಟ ಕೆಂಪು ಕಾರನ್ನು ಕಟ್ಟಿದರು. ಮಕ್ಕಳಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಬೇರೆಯಾದಾಗ ಮನೆ ಮಾರಿ ಪಾಲು ಮಾಡಿಕೊಂಡರು, ಪಾತ್ರೆ ಪಡಗ ಹಂಚಿಕೊಂಡರು, ನಾಯಿ ಯಾರನ್ನೂ ಕೇಳದೆ ಹಿಲರಿಯ ಹಿಂದೆ ಹೋಯಿತು. ಕಾರನ್ನು ಮಾತ್ರ ಗರಗಸ ಹಾಕಿ ಸೀಳಲು ಆಗಲಿಲ್ಲ. ಅದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ.

ಕೊನೆಗೊಂದು ಒಪ್ಪಂದವಾಯಿತು. ಒಂದೇ ಕಾರಿನಲ್ಲಿ ಇಬ್ಬರು ಸ್ಪರ್ಧಿಸುವುದು ನಮ್ಮಲ್ಲಿ ಮಾಮೂಲು. ಒಬ್ಬರು ಹತ್ತಿ ಇಳಿದು ಬಂದ ಮೇಲೆ ಅದೇ ಕಾರಿನಲ್ಲಿ ಇನ್ನೊಬ್ಬರು ಹತ್ತುತ್ತಾರೆ. ಇವರೂ ಹಾಗೇ ಮುಂದುವರಿಸುವುದು. ಬೇಸಿಗೆಯಲ್ಲಿ ಕಾರು ಸರದಿಯ ಮೇಲೆ ಇಬ್ಬರ ಮನೆಯಲ್ಲೂ ಇರುವುದು. ಆದರೆ ಸೆಪ್ಟೆಂಬರಿನ ಕೊನೆಯ ಸ್ಪರ್ಧೆಯಲ್ಲಿ ಯಾರು ಬೇಗ ಗುಡ್ಡ ಹತ್ತುತ್ತಾರೋ, ಚಳಿಗಾಲ ಪೂರ್ತಿ ಕಾರು ಅವರ ಮನೆಗೆ.

ಹನ್ನೊಂದು ಚಳಿಗಾಲವೂ ಕಾರು ಇದ್ರಿಸನ ಶೆಡ್ಡಿನಲ್ಲೇ ಕಳೆಯಿತು. ಪ್ರತಿ ಸಲವೂ ಹಿಲರಿ ಸೋಲುತ್ತಿದ್ದದ್ದು ಕಣ್ಣು ಮಿಟುಕಿಸುವಷ್ಟು ಅಂತರದಲ್ಲಿ. ಊರ ಹೊರಗಿನ ಅವನ ಒಂಟಿ ಮನೆಯಲ್ಲಿ ನವೆಂಬರ್ ಬಂತೆಂದರೆ ನಾಲ್ಕು ಗಂಟೆಗೇ ಕತ್ತಲು. ಬಸ್ಸು ನಿಲ್ಲಿಸಿ ಬಂದವನು ಸೀದಾ ಶೆಡ್ಡಿಗೆ ಹೋಗಿ ಎಂಜಿನ್ ಬಿಚ್ಚುತ್ತಿದ್ದ, ಮತ್ತೆ ಜೋಡಿಸುತ್ತಿದ್ದ, ಏನೂ ಕೆಟ್ಟಿರದಿದ್ದರೂ ಮತ್ತೆ ಬಿಚ್ಚುತ್ತಿದ್ದ. ಅವನಿಗೆ ಸಂಸಾರ ಅಂತ ಉಳಿದದ್ದು ಅದೊಂದೇ.

ಹಿಲರಿ ಬೇಗನೇ ಮತ್ತೆ ಮದುವೆಯಾದಳು. ಡೆಸ್ಮಂಡ್ ಎಂದು, ನಿವೃತ್ತ ಅಂಚೆಯವನು. ಮಡಚುವ ಕುರ್ಚಿಯೊಂದನ್ನು ಹೊತ್ತುಕೊಂಡು ಪ್ರತಿ ಸ್ಪರ್ಧೆಗೂ ಬರುತ್ತಿದ್ದ. ಕಿವಿ ಕಿತ್ತು ಹೋಗುವಂಥ ಎಂಜಿನ್ ಸದ್ದಿನ ನಡುವೆ ಟೋಪಿ ಮುಖಕ್ಕೆಳೆದುಕೊಂಡು ಗೊರಕೆ ಹೊಡೆಯುತ್ತಿದ್ದ. "ಈ ಮನುಷ್ಯ ಹೆಂಗೆ ಹಿಂಗೆ ಕೂರ್ತಾನೆ ಡಿಲಿಸ್, ಒಂದು ಕಡೆ" ಎಂದು ಇದ್ರಿಸ್ ನನ್ನನ್ನು ಕೇಳುತ್ತಿದ್ದ, ಅದೇನೋ ದೊಡ್ಡ ವಿದ್ಯೆ ಎಂಬಂತೆ. ಹೊಟ್ಟೆಕಿಚ್ಚು ಇತ್ತೇನೋ. ಆದರೂ ಡೆಸ್ಮಂಡನ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದದ್ದು ಅವನೇ. ಕಳೆದ ಮಾರ್ಚಿನಲ್ಲಿ ಡೆಸ್ಮಂಡ್ ನಿದ್ದೆಯಲ್ಲೇ ಹೋದ. ಆಮೇಲೂ ಹಿಲರಿ ಆ ಕುರ್ಚಿಯನ್ನು ತಂದು ಕಾರಿನ ಪಕ್ಕ ಬಿಡಿಸಿಡುತ್ತಿದ್ದಳು. ಯಾರೂ ಅದರಲ್ಲಿ ಕೂರುತ್ತಿರಲಿಲ್ಲ.

ಇನ್ನು ಸರದಿಯ ವಿಷಯ. ಮೊದಲು ಹತ್ತುತ್ತಿದ್ದವಳು ಯಾವಾಗಲೂ ಹಿಲರಿ. ಅವಳು ಗಿಡ್ಡಿ, ಸೀಟಿನ ಮೇಲೆ ದಿಂಬು ಬೇಕು. ದಿಂಬನ್ನು ಬೆಳಗ್ಗೆಯೇ ಬಿಗಿದಿಟ್ಟರೆ ಆಮೇಲೆ ಕಿತ್ತೆಸೆಯುವುದು ಸುಲಭ, ಅವಸರದಲ್ಲಿ ಬಿಗಿಯುವುದು ಕಷ್ಟ. ಮದುವೆಯ ಕಾಲದಿಂದ ನಡೆದುಬಂದ ರೂಢಿ ಇದು. ಆದರೆ ಇದರಲ್ಲಿ ಇನ್ನೊಂದು ಸಂಗತಿ ಇತ್ತು, ಗುಡ್ಡ ಹತ್ತುವ ಎಲ್ಲರಿಗೂ ಗೊತ್ತಿರುವುದು: ಮೊದಲು ಹೋದವರಿಗೆ ಟೈರು ತಣ್ಣಗಿರುತ್ತದೆ, ತಿರುವಿನಲ್ಲಿ ಜಾರುತ್ತದೆ. ಎರಡನೆಯವರಿಗೆ ಅದೇ ಟೈರು ಬೆಚ್ಚಗಾಗಿ ರಸ್ತೆ ಹಿಡಿಯುತ್ತದೆ. ಇದ್ರಿಸ್ ಕಾರು ಹತ್ತುವ ಮುಂಚೆ ಬಾಗಿ ಹಿಂದಿನ ಚಕ್ರಕ್ಕೊಮ್ಮೆ ಅಂಗೈ ಒತ್ತುತ್ತಿದ್ದ. ಅದು ಶಕುನಕ್ಕೆ ಎನ್ನುತ್ತಿದ್ದ. ಆ ಬಿಸಿ ಹಿಲರಿ ಕೊಟ್ಟದ್ದು ಎಂದು ಅವನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ.

ಈ ಸೆಪ್ಟೆಂಬರಿನ ಕೊನೆಯ ಸ್ಪರ್ಧೆ. ಶನಿವಾರ ಅಭ್ಯಾಸದ ಓಟಗಳು ಮುಗಿದಿದ್ದವು. ಇದ್ರಿಸ್ ಟ್ರೇಲರಿನ ಹಗ್ಗಗಳನ್ನು ಆಗಲೇ ಒಪ್ಪ ಮಾಡುತ್ತಿದ್ದ, ನಾಳೆ ಸಂಜೆ ಕಾರನ್ನು ತನ್ನ ಮನೆಗೇ ಒಯ್ಯುವವನಂತೆ. ಹಿಲರಿ ಹೆಲ್ಮೆಟ್ ಒರೆಸುತ್ತ ನಿಂತಿದ್ದಳು.

"ಇದ್ರಿಸ್, ನಾಳೆ ನೀನು ಮೊದಲು ಹೋಗು. ನಾನು ಆಮೇಲೆ ಹೋಗ್ತೀನಿ."

"ಯಾಕೆ?"

"ಯಾಕೂ ಇಲ್ಲ. ಒಂದು ಸಲ ನೋಡೋಣ ಅಂತ."

"ದಿಂಬು ಕಟ್ಟೋದು ತಡ ಆಗುತ್ತೆ ಕಣೇ."

"ಡಿಲಿಸ್ ಕಟ್ತಾಳೆ. ಅವಳಿಗೇನು ಕೆಲಸ?"

ನನಗೆ ನಿಜಕ್ಕೂ ಕೆಲಸವಿರಲಿಲ್ಲ. "ಕಟ್ತೀನಿ" ಅಂದೆ. ಇದ್ರಿಸ್ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಒಲ್ಲೆ ಎಂದರೆ ಇಷ್ಟು ವರ್ಷ ಗೆದ್ದದ್ದು ಟೈರಿನ ಬಿಸಿಯಿಂದ ಎಂದು ಒಪ್ಪಿಕೊಂಡಂತೆ. ಆಗಲಿ ಎಂದರೆ ಚಳಿಗಾಲವೇ ಕೈಬಿಟ್ಟು ಹೋದೀತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನಂತೆ, "ಆಯ್ತು, ಅದಕ್ಕೇನಂತೆ" ಎಂದ.

ಆ ಸಂಜೆ ಅವನು ಗುಡ್ಡವನ್ನು ನಡೆದು ಹತ್ತಿದ, ಇಳಿದ, ಮತ್ತೆ ಹತ್ತಿದ. ಮೂವತ್ತು ವರ್ಷದಿಂದ ಹತ್ತುತ್ತಿರುವ ದಾರಿಯಲ್ಲಿ ಹೊಸದಾಗಿ ನೋಡುವುದು ಏನಿತ್ತೋ. ಕೆಳಗೆ ಬಂದವನು ನನ್ನ ವ್ಯಾನಿನ ಬಾಗಿಲಲ್ಲಿ ನಿಂತ.

"ಅವಳಿಗೆ ಯಾರೋ ಹೇಳಿಕೊಟ್ಟಿದಾರೆ."

"ಟೈರು ಬಿಸಿಯಾಗುತ್ತೆ ಅಂತ ಹೇಳಿಕೊಡಬೇಕಾ? ಆ ಕಾರು ಕಟ್ಟಿದವಳು ಅವಳೂ ತಾನೇ?"

"ಬಿಸಿ ಟೈರಿಂದ ಏನೂ ಆಗಲ್ಲ ಡಿಲಿಸ್. ನಾನೇ ವೇಗ."

"ಹಾಗಿದ್ರೆ ಯಾಕೆ ಕಾಲು ಸುಟ್ಟ ಬೆಕ್ಕಿನ ಥರ ಓಡಾಡ್ತಿದೀಯ? ಹೋಗಿ ಮಲಕ್ಕೋ."

"ಶೆಡ್ಡು ಖಾಲಿ ಇದ್ರೆ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿ ಹೊರಟುಹೋದ. ನನಗೆ ತಾಳ್ಮೆ ಕಡಿಮೆ, ಆದರೂ ಆ ಮಾತು ಚುಚ್ಚಿತು.

ಭಾನುವಾರ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ದಟ್ಟವಾಗಿತ್ತು. ದಿನಕ್ಕೆ ಎರಡು ಓಟ, ಎರಡರಲ್ಲಿ ಒಳ್ಳೆಯದು ಲೆಕ್ಕ. ಬೇಕನ್ ಬನ್ನಿನ ಗಾಡಿಯ ಮುಂದೆ ಎಲ್ಲರೂ ಸಾಲು ನಿಂತಿದ್ದರು. ಇದ್ರಿಸ್ ಕೊಂಡ ಬನ್ನನ್ನು ತಿನ್ನದೆ ಕೈಯಲ್ಲೇ ಹಿಡಿದು ತಿರುಗುತ್ತಿದ್ದ, ಕೊನೆಗೆ ಅದು ಹಿಲರಿಯ ನಾಯಿಯ ಪಾಲಾಯಿತು. ಅವನ ಸರದಿ ಬಂತು. ಅಭ್ಯಾಸಬಲದಿಂದ ಬಾಗಿ ಚಕ್ರಕ್ಕೆ ಅಂಗೈ ಒತ್ತಿದ, ತಕ್ಷಣ ಕೈ ಹಿಂದಕ್ಕೆಳೆದುಕೊಂಡ. ಟೈರು ತಣ್ಣಗೆ ಕಲ್ಲಿನ ಹಾಗಿತ್ತು.

ಮೊದಲ ಓಟ ಕೆಟ್ಟಿತು. ನಡುವಿನ ತಿರುವಿನಲ್ಲಿ ಕಾರು ಅಡ್ಡಡ್ಡ ಹೋದದ್ದು ನಮಗೆ ಕೆಳಗೆ ಸದ್ದಿನಲ್ಲೇ ತಿಳಿಯಿತು. ಇಳಿದು ಬಂದ ಮೇಲೆ ನಾನು ದಿಂಬು ಕಟ್ಟಿದೆ, ಹಿಲರಿ ಹೋದಳು, ಅವನಿಗಿಂತ ಬೇಗ ಹತ್ತಿದಳು. ಆಮೇಲೆ ಮಧ್ಯಾಹ್ನದವರೆಗೂ ಇದ್ರಿಸ್ ನಿಂತಲ್ಲಿ ನಿಲ್ಲಲಿಲ್ಲ. ಟೈರಿನ ಗಾಳಿ ನೋಡಿದ, ಸ್ವಲ್ಪ ಬಿಟ್ಟ, ಮತ್ತೆ ತುಂಬಿದ. ಬಿಸಿಲು ಬೀಳಲೆಂದು ಕಾರನ್ನು ಮರದ ನೆರಳಿನಿಂದ ಹೊರಗೆ ತಳ್ಳಿದ. ಬಿಸಿಲು ಮೋಡದ ಹಿಂದೆ ಹೋಯಿತು. ಹಿಲರಿ ಡೆಸ್ಮಂಡನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

"ಸಾಕು ಬಿಡೋ, ಅದನ್ನ ತಿಕ್ಕಿ ತಿಕ್ಕಿ ಬಣ್ಣ ಹೋಗುತ್ತೆ" ಅಂದಳು.

"ಎರಡನೇ ಓಟಕ್ಕೂ ನೀನೇ ಆಮೇಲೆ ಹೋಗ್ತೀಯಾ?"

"ಹೂಂ."

"ನ್ಯಾಯ ಅಂದ್ರೆ ಒಂದೊಂದು ಸಲ ಒಬ್ಬೊಬ್ಬರು."

"ನ್ಯಾಯಾನಾ?" ಎಂದು ಹಿಲರಿ ಅವನನ್ನು ನೋಡಿದಳು. "ಹನ್ನೊಂದು ವರ್ಷಕ್ಕೆ ಎರಡು ಓಟ ಕೇಳ್ತಿದೀನಿ. ಲೆಕ್ಕ ಹಾಕೋಣ್ವಾ?"

ಅವನು ಬಟ್ಟೆ ಎತ್ತಿಕೊಂಡು ಮತ್ತೆ ತಿಕ್ಕಲು ಹೋದ.

ಎರಡನೆಯ ಓಟದ ಬಗ್ಗೆ ನಾನು ಹೇಳುವುದನ್ನು ನೀವು ನಂಬಬೇಕು. ಅವನು ಅಷ್ಟು ಚೆನ್ನಾಗಿ ಹತ್ತಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಕೇಳಿಲ್ಲ ಎಂದೇ ಹೇಳಬೇಕು, ಯಾಕೆಂದರೆ ಮೊದಲ ತಿರುವಿನ ಆಚೆ ಕೆಳಗಿನವರಿಗೆ ಕಾರು ಕಾಣುವುದಿಲ್ಲ. ತಣ್ಣಗಿನ ಟೈರಿನ ಮೇಲೆ ಎಲ್ಲೂ ಜಾರಗೊಡದೆ, ಎಲ್ಲೂ ಹಿಂಜರಿಯದೆ, ಎಂಜಿನ್ ಒಂದೇ ಉಸಿರಿಗೆ ಹಾಡಿಕೊಂಡು ಹೋಯಿತು. ಧ್ವನಿವರ್ಧಕದಲ್ಲಿ ಅವನು ತೆಗೆದುಕೊಂಡ ಸಮಯ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಹಿಲರಿ ಬೆಳಗ್ಗೆ ಹತ್ತಿದ್ದಕ್ಕಿಂತ ಬಹಳವೇ ಬೇಗ. ಬೆಚ್ಚಗಿನ ಟೈರಿದ್ದಾಗಲೂ ಅವನು ಈ ಗುಡ್ಡವನ್ನು ಇಷ್ಟು ಬೇಗ ಹತ್ತಿದವನಲ್ಲ.

ಮೇಲೆ ಹೋದ ಕಾರುಗಳು ಸಾಲಾಗಿ ಇಳಿದು ಬಂದವು. ಇದ್ರಿಸ್ ಹೆಲ್ಮೆಟ್ ತೆಗೆದ. ಮುಖ ಮದುಮಗನದು.

"ನೋಡಿದ್ಯಾ?" ಎಂದ ನನಗೆ, ಮೆಲ್ಲಗೆ. "ಟೈರಲ್ಲ."

"ಟೈರಲ್ಲ" ಅಂದೆ, ದಿಂಬು ಬಿಗಿಯುತ್ತ. ಅವನು ಗೆಲ್ಲಲಿ ಎಂದು ನನಗೆ ಆ ಹೊತ್ತು ನಿಜವಾಗಿಯೂ ಅನ್ನಿಸಿತು. ಹಿಲರಿಯೂ ಗೆಲ್ಲಲಿ ಅನ್ನಿಸಿತು.

ಹಿಲರಿ ಕೂತಳು. ಶುರುವಿನ ಗೆರೆಯಲ್ಲಿ ಕಾರು ಹಿಂದಕ್ಕೆ ಉರುಳದಂತೆ ಚಕ್ರಕ್ಕೆ ಮರದ ತುಂಡು ಕೊಟ್ಟರು. ಹಸಿರು ದೀಪ ಹತ್ತಿತು. ಅವಳು ಹೋದಳು.

ಇದ್ರಿಸ್ ಕಣ್ಣು ಮುಚ್ಚಿ ಕೇಳುತ್ತಿದ್ದ. ಮೊದಲ ತಿರುವು. ಮರಗಳ ಒಳಗೆ. ನಡುವಿನ ತಿರುವಿನಲ್ಲಿ ಬ್ರೇಕ್ ಒತ್ತಬೇಕಾದ ಜಾಗದಲ್ಲಿ ಅವಳು ಒತ್ತಲಿಲ್ಲ, ಇನ್ನೂ ಸ್ವಲ್ಪ ಮುಂದೆ ಹೋಗಿ ಒತ್ತಿದಳು. ಅಲ್ಲಿ ಇದ್ರಿಸ್ ಕಣ್ಣು ತೆರೆದ. ಆಮೇಲೆ ಅವನು ಕೇಳಲೇ ಇಲ್ಲ ಅನ್ನಿಸುತ್ತದೆ. ಧ್ವನಿವರ್ಧಕ ಹೇಳುವ ಮುಂಚೆಯೇ ತಿರುಗಿ ನಡೆದು ಬಂದು ಡೆಸ್ಮಂಡನ ಕುರ್ಚಿಯಲ್ಲಿ ಕೂತ. ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಬೆನ್ನು ಆನಿಸಿ, ಅಲ್ಲಾಡದೆ ಕೂತ. ಹಿಲರಿ ಅವನಿಗಿಂತ ಕಣ್ಣು ಮಿಟುಕಿಸುವಷ್ಟು ಬೇಗ ಹತ್ತಿದ್ದಳು.

ಅವಳು ಇಳಿದು ಬಂದು ನೋಡಿದಳು, ಕುರ್ಚಿಯಲ್ಲಿ ಇವನು. ಏನಾದರೂ ಅಂದಾಳು ಎಂದುಕೊಂಡೆ. ಅವಳು ಪಕ್ಕದಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ಬೂಟಿನ ದಾರ ಬಿಚ್ಚತೊಡಗಿದಳು.

"ಇಷ್ಟು ವರ್ಷ ಯಾಕೆ ಕೇಳಲಿಲ್ಲ ನೀನು?" ಎಂದ ಇದ್ರಿಸ್. "ಆಮೇಲೆ ಹೋಗ್ತೀನಿ ಅಂತ."

"ಚಳಿಗಾಲದಲ್ಲಿ ನನ್ನ ಮನೇಲಿ ಡೆಸ್ಮಂಡ್ ಇದ್ದ" ಎಂದಳು ದಾರದ ಗಂಟು ಬಿಡಿಸುತ್ತ. "ನಿನ್ನ ಮನೇಲಿ ಯಾರಿದ್ರು?"

ನಾನು ಫ್ಲಾಸ್ಕ್ ತೆರೆದೆ, ಮುಚ್ಚಿದೆ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ಹಂಗಾದ್ರೆ ನಾನು ಒಂದು ಸಲಾನೂ ಗೆದ್ದಿಲ್ಲ" ಎಂದ ಇದ್ರಿಸ್.

"ಗೆದ್ದಿರಬಹುದು, ಯಾರಿಗೆ ಗೊತ್ತು. ನಾನೇನೂ ಬೇಕಂತ ನಿಧಾನ ಹೋದವಳಲ್ಲ, ಅಷ್ಟು ಒಳ್ಳೆಯವಳಲ್ಲ. ಇವತ್ತು ಸೋತಿದೀಯ, ಅದು ಮಾತ್ರ ಗೊತ್ತು."

ಅವನು ನಕ್ಕ, ನಗು ಸರಿಯಾಗಿ ಬರಲಿಲ್ಲ. ಎದ್ದು ಟ್ರೇಲರನ್ನು ತನ್ನ ವ್ಯಾನಿನಿಂದ ಬಿಡಿಸಿ ಹಿಲರಿಯ ಗಾಡಿಗೆ ಸಿಕ್ಕಿಸಿದ. ಕಾರನ್ನು ಹತ್ತಿಸಿದ, ನಿನ್ನೆ ಒಪ್ಪ ಮಾಡಿಟ್ಟ ಹಗ್ಗಗಳಿಂದಲೇ ಬಿಗಿದ. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿಯೂ ಶುರುವಾಯಿತು. ವಾರಕ್ಕೊಮ್ಮೆ ಎಂಜಿನ್ ತಿರುಗಿಸು. ಸೀಟಿನೊಳಗೆ ಇಲಿ ಗೂಡು ಕಟ್ಟುತ್ತೆ, ನೋಡ್ತಿರು. ಬ್ಯಾಟರಿ ಒಳಗೆ ತಗೊಂಡು ಹೋಗು.

"ಗೊತ್ತು" ಎಂದಳು ಹಿಲರಿ. "ಎಲ್ಲಾ ಗೊತ್ತು ಕಣೋ. ಕಟ್ಟಿದವಳು ನಾನೂ ತಾನೇ." ನಾಯಿಯನ್ನು ಹತ್ತಿಸಿಕೊಂಡು ಗಾಡಿ ಚಾಲೂ ಮಾಡಿದಳು.

ಇದ್ರಿಸ್ ಕಿಟಕಿಗೆ ಕೈ ಇಟ್ಟ. "ಇನ್ನೊಂದು. ಸಂಜೆ ಎಲ್ಲಾದ್ರೂ ಹೊರಗೆ ಹೋದ್ರೆ, ಕಾರಿರೋ ಕಡೆ ದೀಪ ಹಾಕಿಟ್ಟು ಹೋಗು. ಬರುವಾಗ ದೂರದಿಂದ ಬೆಳಕು ಕಾಣುತ್ತೆ. ಯಾರೋ ಒಳಗೆ ಕೆಲಸ ಮಾಡ್ತಾ ಇದಾರೆ ಅನ್ಸುತ್ತೆ."

ಹಿಲರಿ ತಲೆಯಾಡಿಸಿದಳು. ಕೆಂಪು ಕಾರು ಟ್ರೇಲರಿನ ಮೇಲೆ ಕುಲುಕುತ್ತ ಗೇಟು ದಾಟಿತು. ಡೆಸ್ಮಂಡನ ಕುರ್ಚಿಯನ್ನು ಅವಳು ಒಯ್ದಿರಲಿಲ್ಲ, ಮರೆತಳೋ ಬಿಟ್ಟಳೋ ತಿಳಿಯದು. ಇದ್ರಿಸ್ ಅದನ್ನು ಮಡಚಿ ತನ್ನ ವ್ಯಾನಿನೊಳಗೆ ಇಟ್ಟುಕೊಂಡ.