ನಿಂಬೆಹಣ್ಣು ಕೊಯ್ಯದ ಕತ್ತಿ

ಕತ್ತಿಯ ವ್ಯಾಪಾರಕ್ಕೆ ಇಳಿಯುವ ಮನಸ್ಸು ನಿಮಗೇನಾದರೂ ಇದ್ದರೆ, ಗೆಳೆಯರೇ, ಮೊದಲು ನಿಂಬೆಹಣ್ಣಿನ ಧಾರಣೆ ವಿಚಾರಿಸಿಕೊಳ್ಳಿ. ಕಬ್ಬಿಣ, ಹಿತ್ತಾಳೆಗಳ ಬೆಲೆ ಆಮೇಲೆ. ಚಾಮರಾಜಪೇಟೆಯ ನನ್ನ ಸ್ನೇಹಿತ ನಂಜುಂಡಪ್ಪನ ಅಂಗಡಿಯಿಂದ ಒಂದು ಕತ್ತಿ ಹೊರಗೆ ಹೋಗಬೇಕಾದರೆ, ಅದರ ಅಲಗಿನಿಂದಲೇ ಒಂದು ನಿಂಬೆಹಣ್ಣು ಕೊಯ್ದು, ಹೋಳುಗಳನ್ನು ಹೊಸ್ತಿಲ ಎರಡು ಬದಿಗೆ ಇಟ್ಟು, ಅನಂತರವೇ ಗಿರಾಕಿಯ ಕೈಗೆ ಕೊಡಬೇಕು. ಅವನ ತಾತನ ಕಾಲದಿಂದ ನಡೆದುಬಂದ ಪದ್ಧತಿ. ತೊಡಕು ಒಂದೇ: ಅವನು ಮಾಡುವುದು ನಾಟಕಕ್ಕೆ, ಮದುವೆಗೆ, ಮೆರವಣಿಗೆಗೆ ಬೇಕಾದ, ಹಳೆಯ ಅರಸರ ಕಾಲದ ಮಾದರಿಯ ಮೊಂಡು ಕತ್ತಿಗಳನ್ನು. ನಿಂಬೆಹಣ್ಣು ಹಾಗಿರಲಿ, ಮಾಗಿದ ಬಾಳೆಹಣ್ಣನ್ನೂ ಅವು ಕೊಯ್ಯಲಾರವು. ಆದ್ದರಿಂದ ಅವನ ಹೆಂಡತಿ ಗಿರಿಜಮ್ಮ ಹಿಂದಿನ ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಹಣ್ಣನ್ನು ಮುಕ್ಕಾಲು ಪಾಲು ಕೊಯ್ದು ತಂದಿಡುತ್ತಾರೆ. ಉಳಿದ ಕಾಲು ಪಾಲನ್ನು ಕತ್ತಿ ವೀರಾವೇಶದಿಂದ ಪೂರೈಸುತ್ತದೆ. ಬೇಸಿಗೆಯಲ್ಲಿ ನಿಂಬೆಹಣ್ಣು ತುಟ್ಟಿಯಾದರೆ ಲಾಭವೆಲ್ಲ ಹೊಸ್ತಿಲ ಮೇಲೇ ಹುಳಿಯಾಗಿ ಒಣಗುತ್ತದೆ.

ನಾನು ಕತ್ತಿ ಹಿಡಿದವನಲ್ಲ, ಚೀಲ ಹಿಡಿದವನು. ಮದುವೆ ಕಂಟ್ರಾಕ್ಟರುಗಳ ಪರವಾಗಿ, ಹೋಟೆಲಿನವರ ಪರವಾಗಿ, ಬಾಳೆಎಲೆಯಿಂದ ಕೊಪ್ಪರಿಗೆಯವರೆಗೆ ಕೊಂಡುಕೊಡುವುದೇ ನನ್ನ ಕಸುಬು. ಶಂಕರಪುರಂನ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಇವಿಷ್ಟರಿಂದ ಶುರುಮಾಡಿದವನಿಗೆ ಈಗ ಅದೇ ಬೀದಿಯಲ್ಲಿ ಸ್ವಂತ ಮನೆಯಿದೆ; ನಡುವಿನ ದಾರಿಯನ್ನೆಲ್ಲ ‘ಜಾಸ್ತಿಯಾಯ್ತು’ ಎಂಬ ಒಂದೇ ಮಾತನ್ನು ಊರುಗೋಲಾಗಿಸಿಕೊಂಡು ಸವೆಸಿದ್ದೇನೆ. ನಿಮಗೂ ಹೇಳಿಕೊಡುತ್ತೇನೆ, ಬೇಡವೆನ್ನಬೇಡಿ. ಬೆಲೆ ಕೇಳುವಾಗ ಬೇಕಾದ ವಸ್ತುವನ್ನು ನೋಡಬಾರದು, ಪಕ್ಕದ ವಸ್ತುವನ್ನು ನೋಡಬೇಕು. ಎದುರಿನವನು ಬೆಲೆ ಹೇಳಿ ಮುಗಿಸುವ ಮುನ್ನವೇ ಮುಖದಲ್ಲೊಂದು ಸಣ್ಣ ನೋವು ಸುಳಿಯಬೇಕು. ಅವೆನ್ಯೂ ರಸ್ತೆಯಲ್ಲಿ ಈ ನೋವಿನಿಂದಲೇ ನನ್ನನ್ನು ಗುರುತು ಹಿಡಿಯುವವರಿದ್ದಾರೆ. ನಿಜಕ್ಕೂ ಹಲ್ಲುನೋವು ಬಂದಿದ್ದ ದಿನ ಒಬ್ಬ ಸಗಟು ವ್ಯಾಪಾರಿ ನಾನು ಕೇಳದೆಯೇ ರಿಯಾಯಿತಿ ಕೊಟ್ಟುಬಿಟ್ಟ.

ಆದರೆ ನನ್ನ ಈ ಎಲ್ಲ ವಿದ್ಯೆಯೂ ನಂಜುಂಡಪ್ಪನ ಕಷ್ಟದ ಮುಂದೆ ಸಣ್ಣದು. ಫೋನಿನ ಮೇಲೆ ಬೆರಳಾಡಿಸಿದರೆ ಪ್ಲಾಸ್ಟಿಕ್ ಕತ್ತಿ ಮನೆಬಾಗಿಲಿಗೆ ಬರುತ್ತದೆ. ಮದುಮಗ ಅದನ್ನು ಹಿಡಿದು ಫೋಟೋ ತೆಗೆಸಿಕೊಂಡು, ತಾಳಿ ಕಟ್ಟಿದ ಮರುದಿನ ‘ಹಿಡಿಸಲಿಲ್ಲ’ ಎಂದು ಬರೆದು ವಾಪಸ್ಸು ಕಳಿಸುತ್ತಾನೆ, ಕತ್ತಿಯನ್ನು. ನಾಟಕದವರು ಥರ್ಮಾಕೋಲಿಗೆ ಬೆಳ್ಳಿಕಾಗದ ಅಂಟಿಸಿಕೊಂಡು ಯುದ್ಧ ಗೆಲ್ಲುತ್ತಾರೆ. ಹೊರಊರಿನ ಗಿರಾಕಿಗೆ ಕಳಿಸೋಣವೆಂದರೆ ಕೊರಿಯರಿನವರು ಆಯುಧವೆಂದು ಮುಟ್ಟುವುದಿಲ್ಲ. ‘ಇದು ಏನನ್ನೂ ಕೊಯ್ಯುವುದಿಲ್ಲ’ ಎಂದು ಪೆಟ್ಟಿಗೆಯ ಮೇಲೆ ಬರೆದರೆ ಒಯ್ಯುತ್ತಾರೆ, ಆದರೆ ಅದನ್ನೋದಿದ ಗಿರಾಕಿ ಹಾಗಿದ್ದರೆ ಬೆಲೆ ಇಳಿಸಿ ಎನ್ನುತ್ತಾನೆ.

ಒಮ್ಮೊಮ್ಮೆ ನನಗೆ ಅನ್ನಿಸುತ್ತದೆ, ಅರಸರ ಕಾಲದ ಕಮ್ಮಾರನ ಪಾಡು ಇದಕ್ಕಿಂತ ಮೇಲಾಗಿತ್ತೇ ಎಂದು. ಗೆದ್ದ ಅರಸ ಉತ್ಸವದ ಗಡಿಬಿಡಿಯಲ್ಲಿ ಬಾಕಿ ಮರೆತಿರುತ್ತಾನೆ. ಸೋತ ಅರಸನ ಬಾಕಿಯನ್ನು ಗೆದ್ದವನ ಬಳಿ ಕೇಳುವ ಎದೆಗಾರಿಕೆ ಯಾರಿಗಿದೆ? ವೀರಗಲ್ಲುಗಳನ್ನು ನೋಡಿ: ಕತ್ತಿ ಹಿಡಿದು ಬಿದ್ದ ವೀರನಿದ್ದಾನೆ, ಅವನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರಿದ್ದಾರೆ, ಕತ್ತಿಯ ದುಡ್ಡು ಬರಬೇಕೆಂದು ಕೆಳಗೆ ಕಾಯುತ್ತ ಕುಳಿತ ಕಮ್ಮಾರನನ್ನು ಮಾತ್ರ ಯಾವ ಶಿಲ್ಪಿಯೂ ಕೆತ್ತಿಲ್ಲ. ಶಿಲ್ಪಿಗೂ ಬಾಕಿಯಿತ್ತೋ ಏನೋ. ಆ ಕಾಲದಲ್ಲಿ ಮಳೆಗಾಲ ಬಂದರೆ ಯುದ್ಧ ನಿಲ್ಲುತ್ತಿತ್ತಂತೆ, ಈಗ ಆಷಾಢ ಬಂದರೆ ಮದುವೆ ನಿಲ್ಲುತ್ತದೆ; ಕತ್ತಿ ಮಾಡುವವನ ಒಲೆಗೆ ಎರಡೂ ಒಂದೇ. ಮೇಲಾಗಿ, ಹರಿತವಾದ ಕತ್ತಿ ಎದುರಿಗಿರುವ ಒಬ್ಬನನ್ನು ಹೆದರಿಸಿದರೆ ಸಾಕಿತ್ತು. ಮೊಂಡು ಕತ್ತಿ ಕೊನೆಯ ಸಾಲಿನಲ್ಲಿ ಕಡಲೆಕಾಯಿ ತಿನ್ನುತ್ತಿರುವವನನ್ನೂ ನಂಬಿಸಬೇಕು.

ಅಂಥದೊಂದು ಆಷಾಢದಲ್ಲಿ ಗಿರಿಜಮ್ಮ ನನಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ನಂಜುಂಡಪ್ಪ ಗೋಡೆಯ ಕತ್ತಿ, ಗುರಾಣಿಗಳನ್ನೆಲ್ಲ ಇಳಿಸಿ ರಾಶಿಹಾಕಿ ಅದರ ಪಕ್ಕ ಕುಳಿತಿದ್ದ, ಸೋತ ಸೈನ್ಯದ ಉಗ್ರಾಣಿಯ ಹಾಗೆ. ವಾರ ಕಳೆದರೆ ಗುಜರಿಯವನು ಬಂದು ಎಲ್ಲವನ್ನೂ ತೂಕಕ್ಕೆ ಒಯ್ಯುತ್ತಾನಂತೆ. ಮಳಿಗೆಯನ್ನು ಮೊಬೈಲ್ ಕವರ್ ಮಾರುವವರು ಕೇಳುತ್ತಿದ್ದಾರಂತೆ. ನಂಜುಂಡಪ್ಪ ಹೆಚ್ಚು ಮಾತಾಡುವವನಲ್ಲ. ಮಾತಾಡಿದವರು ಗಿರಿಜಮ್ಮ.

“ಅಂಗಡಿ ಮುಚ್ಚಿದ್ರೆ ಇವ್ರು ಬೆಳಿಗ್ಗೆಯಿಂದ ಸಂಜೆವರ್ಗೂ ಮನೇಲಿರ್ತಾರೆ ಅಣ್ಣಾ. ಅದನ್ನ ಸ್ವಲ್ಪ ಯೋಚ್ನೆ ಮಾಡಿ.”

ಯೋಚಿಸಿದೆ. ವಿಶ್ವೇಶ್ವರಪುರಂನಲ್ಲಿ ಚಿದಾನಂದ ಎಂಬವನು ಹೊಸ ತಿಂಡಿ ಹೋಟೆಲು ತೆರೆಯುವುದರಲ್ಲಿದ್ದ. ಅವನಿಗೆ ಪಾತ್ರೆ ಕೊಡಿಸಿದವನೇ ನಾನು. ಹೋಟೆಲು ಕೋಟೆಯಂತಿರಬೇಕು, ಬಾಗಿಲಿಗೆ ಮೊಳೆ ಹೊಡೆದಿರಬೇಕು, ಗೋಡೆಯ ತುಂಬ ಕತ್ತಿಗಳಿರಬೇಕು ಎಂಬುದು ಅವನ ಕನಸು. ಅವನನ್ನು ಅಂಗಡಿಗೆ ಕರೆತಂದೆ. ನಂಜುಂಡಪ್ಪನಿಗೆ ಮೊದಲೇ ತಾಕೀತು ಮಾಡಿದ್ದೆ: ನೀನು ಬಾಯಿ ಬಿಡಕೂಡದು, ವ್ಯವಹಾರವೆಲ್ಲ ನನ್ನದು; ನಿನ್ನ ಮೌನ ವ್ಯಾಪಾರಕ್ಕೆ ಒಗ್ಗುವುದಿಲ್ಲ.

ಬೆಲೆ ನಾವು ಹೇಳಬಾರದು, ಅವನ ಬಾಯಿಂದಲೇ ಬರಿಸಬೇಕೆಂಬುದು ನನ್ನ ಉಪಾಯ. ಚಿದಾನಂದ ಒಂದೊಂದನ್ನೇ ಎತ್ತಿ ನೋಡಿದ, ಒಂದನ್ನು ಬೀಸಿ ಬಲ್ಬು ಒಡೆಯುವುದರಲ್ಲಿದ್ದ, ಕೊನೆಗೆ ಇಡೀ ರಾಶಿಗೆ ಒಂದು ಬೆಲೆ ಹೇಳಿದ. ಒಳ್ಳೆಯ ಬೆಲೆ, ಗುಜರಿಯವನು ಕನಸಿನಲ್ಲೂ ಕೊಡದಂಥದ್ದು. ನಂಜುಂಡಪ್ಪನ ಕಣ್ಣು ಅರಳಿತು. ಅಷ್ಟರಲ್ಲಿ ನನ್ನ ಮುಖದ ಮೇಲೆ ತಾನಾಗಿ ಒಂದು ಸಣ್ಣ ನೋವು ಸುಳಿಯಿತು. ದೃಷ್ಟಿ ಪಕ್ಕದ ಗುರಾಣಿಯ ಕಡೆ ತಿರುಗಿತು. ಜನ್ಮವಿಡೀ ಕೊಳ್ಳುವವರ ಪರವಾಗಿಯೇ ಮಾತಾಡಿದ ನಾಲಗೆಗೆ, ಇವತ್ತು ಮಾರುವವರ ಕಡೆ ಕುಳಿತಿದ್ದೇನೆಂದು ಯಾರು ಹೇಳಬೇಕು?

“ಜಾಸ್ತಿಯಾಯ್ತು ಬಿಡಿ,” ಅಂದೆ.

ಮುಕ್ಕಾಲು ಕೊಯ್ದ ನಿಂಬೆಹಣ್ಣಿನ ತಟ್ಟೆ ಹಿಡಿದು ಬರುತ್ತಿದ್ದ ಗಿರಿಜಮ್ಮ ಬಾಗಿಲಲ್ಲೇ ನಿಂತರು. ಚಿದಾನಂದ ನನ್ನನ್ನು ನೋಡಿದ, ಕತ್ತಿಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಮಾರುವವರೇ ಜಾಸ್ತಿಯೆಂದರೆ ಮಾಲಿನಲ್ಲಿ ಏನೋ ಇರಬೇಕಲ್ಲವೇ? ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟ.

“ಹಂಗಾದ್ರೆ ಕೊಂಡ್ಕೊಳೋದು ಬೇಡ. ನಾಳೆ ಕೋಟೆ ಓಡ್ಲಿಲ್ಲಾಂದ್ರೆ ಹೋಟ್ಲನ್ನ ರೈಲ್ವೆ ಸ್ಟೇಷನ್ ಥರ ಮಾಡ್ಬೇಕಾಗತ್ತೆ, ಆಗ ಇವನ್ನೆಲ್ಲಿಟ್ಕೊಳ್ಲಿ? ತಿಂಗಳ ಬಾಡಿಗೆಗೆ ಕೊಡ್ತೀರಾ?”

ಸರಿಪಡಿಸೋಣವೆಂದು ಬಾಯಿ ತೆರೆದೆ. “ಅಣ್ಣಾ, ಒಳಗ್ ಬನ್ನಿ, ಕಾಫಿ ಆರೋಗ್ತಿದೆ,” ಅಂದರು ಗಿರಿಜಮ್ಮ. ಒಳಗೆ ಒಲೆಯೇ ಹೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆಯ ಪಕ್ಕ ನಿಂತು ಕೇಳಿಸಿಕೊಂಡೆ: ನಂಜುಂಡಪ್ಪ ಒಂದು ಬಾಡಿಗೆ ಹೇಳಿದ, ಹದಿನೈದು ದಿನಕ್ಕೊಮ್ಮೆ ತಾನೇ ಬಂದು ತಿಕ್ಕಿ ಹೊಳಪು ಕೊಡುವ ಕೂಲಿಯೂ ಸೇರಿ. ಚಿದಾನಂದ ಜಾಸ್ತಿಯಾಯ್ತು ಎಂದ. ಆಮೇಲೆ ಏನೂ ಕೇಳಿಸಲಿಲ್ಲ. ನಂಜುಂಡಪ್ಪ ಸುಮ್ಮನಿದ್ದ. ಚಿದಾನಂದ ಕೆಮ್ಮಿದ, ಇನ್ನೊಂದು ಸ್ವಲ್ಪ ಇಳಿಸಬಹುದೇನೋ ಎಂದ, ಗುರಾಣಿ ಹಾಗೇ ಕೊಡ್ತೀರಾ ಎಂದ. ನಂಜುಂಡಪ್ಪ ಸುಮ್ಮನೇ ಇದ್ದ. ಎದುರಿಗಿರುವವನು ಮಾತಾಡದಿದ್ದರೆ ಚೌಕಾಸಿ ಎಂಬುದು ಗೋಡೆಗೆ ಆಡುವ ಚೆಂಡಾಟ, ಎಸೆದವನಿಗೇ ಸುಸ್ತು. ಕೊನೆಗೆ ಚಿದಾನಂದನೇ “ಆಯ್ತು ಬಿಡಿ” ಅಂದ. ಆಗ ಗಿರಿಜಮ್ಮ ತಟ್ಟೆ ತೆಗೆದುಕೊಂಡು ಹೋದರು. ಬರೆದಿಟ್ಟುಕೊಳ್ಳಿ, ಮಾರುವಾಗ ಸುಮ್ಮನಿರಬೇಕು. ಇದು ನನಗೇ ಹೊಸ ಪಾಠ.

ಮಾರಿದ್ದರೆ ಆ ದುಡ್ಡು ಒಂದು ಶ್ರಾವಣಕ್ಕೆ ಮುಗಿಯುತ್ತಿತ್ತು. ಬಾಡಿಗೆ ಆಷಾಢದಲ್ಲೂ ಬರುತ್ತದೆ. ಮೊಬೈಲ್ ಕವರಿನವರು ಬೇರೆ ಮಳಿಗೆ ಹುಡುಕಿಕೊಂಡರು. ತಕ್ಕಡಿ ಹೊತ್ತು ಬಂದ ಗುಜರಿಯವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗಿರಿಜಮ್ಮ ಪಾನಕ ಕೊಟ್ಟು ಕಳಿಸಿದರು.

ಕೋಟೆ ಓಡಿತು. ಆದರೆ ದೋಸೆಯ ಹೊಗೆ ಕುಡಿದು ಕತ್ತಿಗಳೆಲ್ಲ ಕಪ್ಪಾದವು. ನಂಜುಂಡಪ್ಪ ಹುಣಸೆಹಣ್ಣು, ಬೂದಿ, ಬಟ್ಟೆ ಹಿಡಿದು ಹೋದರೆ ಚಿದಾನಂದ ಕೈಮುಗಿದನಂತೆ: ತಿಕ್ಕಬೇಡಿ, ಜನ ಇವನ್ನು ಅಸಲಿ ಹಳೇ ಕತ್ತಿ ಎಂದುಕೊಂಡು ಇನ್ನೊಂದು ದೋಸೆ ತಿನ್ನುತ್ತಾರೆ, ಕೂಲಿ ಹೇಗೂ ಕೊಡುತ್ತೇನೆ. ತಿಕ್ಕದಿದ್ದುದಕ್ಕೆ ಕೂಲಿ! ನನ್ನ ಲೆಕ್ಕದಲ್ಲಿ ಅದು ವ್ಯಾಪಾರದ ಕೈಲಾಸ. ನಂಜುಂಡಪ್ಪ ಮಾತ್ರ ಮುಖ ಸಣ್ಣದು ಮಾಡಿಕೊಂಡು ನನ್ನ ಮನೆಗೆ ಬಂದ.

“ದುಡ್ ಬರ್ತಿದೆ, ಸರಿ. ಆದ್ರೆ ಅಷ್ಟೂ ಕಪ್ಪಾಗಿದ್ರೆ ನಾನ್ ಮಾಡಿದ್ದು ಅಂತ ನಂಗೇ ಗುರ್ತು ಸಿಗಲ್ಲ ಗುರು.”

ನಾನೇ ಹೋಗಿ ಚಿದಾನಂದನ ಜತೆ ಕುಳಿತೆ, ಈ ಸಲ ಯಾವ ಕಡೆಯವನೆಂದು ದಾರಿಯುದ್ದಕ್ಕೂ ನೆನಪಿಸಿಕೊಳ್ಳುತ್ತ. ಹೊಳೆಯುವ ಕತ್ತಿ ಮೂರಾದರೂ ಇರಲಿ ಎಂದು ಕೇಳಿ, ಒಂದಕ್ಕೆ ಒಪ್ಪಿಸಿದೆ. ಅದೂ ಕೈತೊಳೆಯುವ ತೊಟ್ಟಿಯ ಮೇಲೆ. ನಂಜುಂಡಪ್ಪ ಈಗ ಹದಿನೈದು ದಿನಕ್ಕೊಮ್ಮೆ, ಹೋಟೆಲು ತೆರೆಯುವ ಮುಂಚೆ ಹೋಗಿ, ಕತ್ತಿಗಳೆಲ್ಲವನ್ನೂ ತಿಕ್ಕುವ ಆಸೆಯನ್ನು ಅದೊಂದರ ಮೇಲೆ ತೀರಿಸಿಕೊಂಡು ಬರುತ್ತಾನೆ.

ಮೊನ್ನೆ ತಿಂಡಿ ಮುಗಿಸಿ ಕೈತೊಳೆದು ತಲೆಯೆತ್ತಿದೆ. ಆ ಅಗಲವಾದ ಅಲಗಿನಲ್ಲಿ ನನ್ನ ಮುಖ ಹಿಂದೆಂದೂ ಇಲ್ಲದಷ್ಟು ಗಂಭೀರವಾಗಿ, ಕಿರೀಟವೊಂದಿಲ್ಲ ಎನ್ನುವಂತೆ ಕಾಣಿಸಿತು. ಮುಂದಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕೊತ್ತಂಬರಿ ಸೊಪ್ಪಿನ ಎಸಳು ಸಹ. ತೆಗೆದುಕೊಂಡು, ಮೀಸೆ ನೀವಿಕೊಂಡು ಇನ್ನೊಮ್ಮೆ ನೋಡುತ್ತಿದ್ದೆ. ಹಿಂದೆ ನಾಲ್ಕಾರು ಜನ ಸಾಲುಗಟ್ಟಿ ನಿಂತಿದ್ದರು. ಮುಂದಿದ್ದವನು ಒದ್ದೆ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು, “ಸ್ವಲ್ಪ ಸರೀರಿ ಸಾರ್, ನಾವೂ ಹಲ್ ನೋಡ್ಕೋಬೇಕು,” ಅಂದ.

ಸರಿದೆ.