ಮೀನಿನ ತೊಟ್ಟಿಯ ಸದ್ದು, ನನ್ನ ಎಡಗಿವಿ

ಆ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ವೀರನಹೊಸಹಳ್ಳಿಯಿಂದ ಜವರಣ್ಣ ಫೋನ್ ಮಾಡಿದರು. ಕಾಡಂಚಿನ ರೈತರು. ಆನೆ ಕಂದಕ ದಾಟಿದರೆ ಮೊದಲು ನನಗೆ ತಿಳಿಸುವವರು. ನಾನು ಹುಣಸೂರಿನಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಇಪ್ಪತ್ತಾರು ವರ್ಷದಿಂದ ಫೋನ್ ಎಡಗಿವಿಗೆ, ಪೆನ್ನು ಬಲಗೈಗೆ. ಅಂದೂ ಹಾಗೇ ಹಿಡಿದೆ.

ಏನೂ ಕೇಳಲಿಲ್ಲ.

ನೆಟ್‌ವರ್ಕ್ ಇಲ್ಲ ಎಂದುಕೊಂಡು ಸ್ಪೀಕರ್‌ಗೆ ಹಾಕಿದೆ. ಅವರ ದನಿ ನಡುಮನೆ ತುಂಬಿತು.

"ಸಾ, ಎಲ್ಡು ಆನೆ ಬಂದವೆ ಕಣ್ ಸಾ. ಜ್ವಾಳ ಎಲ್ಲಾ ತುಳ್ದಾಕ್ಬುಟ್ಟವೆ. ಪೋಟೋ ಕಳಿಸ್ಲಾ?"

ಫೋನಿನೊಳಗೆ ದೂಳು ಕೂತಿರಬೇಕು ಎಂದು ತೀರ್ಮಾನಿಸಿ, ಅಂದಿನಿಂದ ಸ್ಪೀಕರಿನಲ್ಲೇ ಮಾತನಾಡಿದೆ. ಎಡಗಿವಿ ಮುಚ್ಚಿಕೊಂಡ ಹಾಗೆ ಇದ್ದದ್ದು ನಿಜ. ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡಿದ್ದೆ, ನೀರು ಒಳಗೆ ಹೋಗಿರುತ್ತದೆ, ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ. ಸುದ್ದಿ ಬರೆದು ಕಳಿಸಿದೆ. ಲ್ಯಾಪ್‌ಟಾಪ್ ಮುಚ್ಚಿದಾಗ, ಕೋಣೆಯಲ್ಲಿ ಒಂದು ಸದ್ದು ಇದೆ ಎಂದು ಗೊತ್ತಾಯಿತು. ಸಣ್ಣ ಸದ್ದು, ಬಿಡುವಿಲ್ಲದ್ದು.

ನಮ್ಮ ನಡುಮನೆಯೇ ನನ್ನ ಕಚೇರಿ. ಮೇಜಿನ ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನನ್ನ ಹೆಂಡತಿ ಸುಮಿತ್ರೆಯ ಅಕ್ವೇರಿಯಂ. ಅವಳು ಅಂಗನವಾಡಿ ಕಾರ್ಯಕರ್ತೆ. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದವಳಿಗೆ ಮಾತನಾಡದ ನಾಲ್ಕು ಜೀವಗಳು ಬೇಕು ಎಂದು ತಂದ ಗೋಲ್ಡ್ ಫಿಶ್‌ಗಳು. ತೊಟ್ಟಿಯ ಹಿಂಬದಿಗೆ ತೂಗುಹಾಕಿದ ಫಿಲ್ಟರ್ ಇದೆ. ನೀರನ್ನು ಮೇಲೆಳೆದು ಸ್ಪಂಜಿನ ಮೂಲಕ ಹಾಯಿಸಿ ಮತ್ತೆ ತೊಟ್ಟಿಗೇ ಬೀಳಿಸುತ್ತದೆ.

"ಫಿಲ್ಟರ್ ಸದ್ದು ಮಾಡ್ತಾ ಇದೆಯಲ್ಲ, ನಿನಗೂ ಕೇಳಿಸ್ತಿದೆಯಾ?"

"ಊಂ, ಕೇಳುಸ್ತದೆ ಕಣ್ರೀ. ವಾರದಿಂದ ಅಂಗೇ ಅದೆ" ಎಂದಳು. ಆಮೇಲೆ ಅಡುಗೆಮನೆಯಿಂದಲೇ, "ನಾನು ಮೂರು ಸಲ ಕರುದ್ರೂ ಕೇಳ್ದೆ ಇರೋ ಕಿವಿಗೆ ಅದೊಂದು ಕೇಳುಸ್ತಾ?" ಎಂದಳು.

ನಕ್ಕೆ. ಅವಳೂ ನಕ್ಕಳು.

ನಮ್ಮ ಕೆಲಸದಲ್ಲಿ ಒಂದು ಕಡೆಯಿಂದ ಬಂದ ಮಾಹಿತಿಯನ್ನು ಇನ್ನೊಂದು ಕಡೆಯಿಂದ ಖಚಿತಪಡಿಸಿಕೊಳ್ಳದೆ ಬರೆಯುವುದಿಲ್ಲ. ಇಲ್ಲಿ ಎರಡನೆಯ ಕಡೆಯಿಂದಲೂ ಖಚಿತವಾಗಿತ್ತು. ಸದ್ದು ಇದೆ, ಅದು ಫಿಲ್ಟರಿನದು. ಅಲ್ಲಿಗೆ ವಿಚಾರಣೆ ಮುಗಿಸಿದೆ.

ಹಾಗೆ ಮುಗಿಸಿದ್ದು ನನಗೆ ದುಬಾರಿಯಾಯಿತು.

ವರದಿಗಾರನ ಚಟ, ನೋಟ್‌ಪ್ಯಾಡಿನ ಹಿಂದಿನ ಹಾಳೆಗಳಲ್ಲಿ ಫಿಲ್ಟರಿನ ಸದ್ದನ್ನು ದಾಖಲಿಸತೊಡಗಿದೆ. ಯಾವಾಗ ಹೆಚ್ಚು, ಯಾವಾಗ ಕಡಿಮೆ. ರಿಪೇರಿಗೆ ಬಂದವರಿಗೆ ತೋರಿಸಲು ಬೇಕಾಗುತ್ತದೆ ಎಂಬುದು ಲೆಕ್ಕಾಚಾರ. ಆ ಹಾಳೆಗಳು ಈಗಲೂ ನನ್ನ ಬಳಿ ಇವೆ. ಎರಡನೇ ದಿನ: "ಬೆಳಿಗ್ಗೆಯಿಂದ ಸತತ. ತಲೆ ಸ್ವಲ್ಪ ತಿರುಗಿತು, ನಿದ್ದೆ ಕಡಿಮೆ." ನಾಲ್ಕನೇ ದಿನ: "ಮಧ್ಯಾಹ್ನ ಹೆಚ್ಚು. ಬರೆಯಲು ಆಗುತ್ತಿಲ್ಲ." ಆರನೇ ದಿನ: "ಕರೆಂಟ್ ಹೋಯಿತು. ಸದ್ದು ಇದೆ. ಯುಪಿಎಸ್ ಇರಬೇಕು."

ನಮ್ಮ ಮನೆಯ ಯುಪಿಎಸ್‌ಗೆ ಮೇಜಿನ ದೀಪ, ಫ್ಯಾನು, ವೈಫೈ ಮಾತ್ರ ಸೇರಿವೆ. ಅಕ್ವೇರಿಯಂ ಸೇರಿಲ್ಲ. ಕರೆಂಟ್ ಹೋದರೆ ಫಿಲ್ಟರ್ ನಿಲ್ಲುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯುಪಿಎಸ್ ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಎಂಟನೇ ದಿನ ನಯಾಜ್ ಭಾಯಿ ಬಂದರು. ಅಕ್ವೇರಿಯಂ ಮಾರಿದ ಅಂಗಡಿಯವರು. ತೊಟ್ಟಿಗೆ ಕಿವಿ ಹಚ್ಚಿ ಕೇಳಿ, "ಹೌದು ಸಾರ್, ಸೌಂಡ್ ಅದೆ. ನೀರು ಕಮ್ಮಿ ಆಗ್ಬುಟ್ಟದೆ, ಮೇಲಿಂದ ಬೀಳ್ತದೆ, ಅದ್ಕೇ" ಎಂದರು. ಒಂದು ಕೊಡ ನೀರು ಹಾಕಿದರು. ಫಿಲ್ಟರು ಗೋಡೆಗೆ ತಾಗುತ್ತಿದ್ದ ಕಡೆ ರಬ್ಬರಿನ ತುಂಡು ಸಿಕ್ಕಿಸಿದರು. ಸುಮಿತ್ರೆ, "ಅರ್ಧಕ್ಕರ್ಧ ಕಮ್ಮಿ ಆಯ್ತು" ಎಂದಳು.

ನನಗೆ ಕಡಿಮೆ ಆಗಿರಲಿಲ್ಲ.

ಮುಂದಿನ ದಿನಗಳಲ್ಲಿ ಬರೆಯಲು ಕೂರುವ ಮೊದಲು ಫಿಲ್ಟರಿನ ಸ್ವಿಚ್ ಆರಿಸುತ್ತಿದ್ದೆ. ಆರಿಸಿದ ಮೇಲೂ ಸದ್ದು ಕೇಳುತ್ತಿತ್ತು, ಆದರೆ ಅದನ್ನು ಫ್ರಿಜ್ಜಿನದು, ಪಕ್ಕದ ಮನೆಯ ಪಂಪಿನದು ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಸ್ವಿಚ್ ಹಾಕುವುದು ಮರೆತೆ. ಸುಮಿತ್ರೆ ಅಂಗನವಾಡಿಯಿಂದ ಬಂದಾಗ ನಾಲ್ಕೂ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಕಳೆಯುತ್ತಿದ್ದವು. ಅವಳು ಸ್ವಿಚ್ ಹಾಕಿ, ಚೀಲ ಹೆಗಲಿನಲ್ಲಿರುವಂತೆಯೇ ನಿಂತಳು.

"ನಿಮ್ಗೇನಾಗದೆ? ಜೀವ ಇರೋವು ಕಣ್ರೀ ಅವು."

ಕೋಪ ಬಂದಿತ್ತು, ನಾಚಿಕೆಯೂ ಆಗಿತ್ತು. ಆ ವಾರ ಪಿರಿಯಾಪಟ್ಟಣದ ತಂಬಾಕು ಹರಾಜಿನ ವರದಿಯನ್ನು ಎರಡು ಸಲ ಬರೆದೆ. ಸುತ್ತ ಇದ್ದವರು ಯಾವ ಕಡೆಯಿಂದ ಮಾತನಾಡುತ್ತಿದ್ದಾರೆ ಎಂದು ತಿರುಗಿ ಹುಡುಕುವುದು ಅಭ್ಯಾಸವಾಗುತ್ತಿತ್ತು. ಅದನ್ನು ನಾನು ಗಮನಿಸಲಿಲ್ಲ. ಗಮನಿಸುವುದೇ ನನ್ನ ಉದ್ಯೋಗ.

ಹದಿನೇಳನೇ ದಿನ ನಯಾಜ್ ಭಾಯಿಯನ್ನು ಮತ್ತೆ ಕರೆಸಿದೆ. ಅವರು ಫಿಲ್ಟರಿನ ಮೋಟರು ಬಿಚ್ಚಿದರು. ಒಳಗೆ ತಿರುಗುವ ಪುಟ್ಟ ರೆಕ್ಕೆಗೆ ಮರಳು ಮೆತ್ತಿತ್ತು. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆದು ಜೋಡಿಸಿದರು. ಸುಮಿತ್ರೆ ತೊಟ್ಟಿಯ ಹತ್ತಿರ ಬಾಗಿ ಕೇಳಿದಳು.

"ಅಬ್ಬ. ಇದೆಯೋ ಇಲ್ವೋ ಅನ್ನಂಗಾಯ್ತು."

"ಎಲ್ಲಿ? ಹಾಗೇ ಇದೆಯಲ್ಲ" ಎಂದೆ.

ನಯಾಜ್ ಭಾಯಿ ನನ್ನ ಮುಖ ನೋಡಿದರು. "ಸಾರ್, ತಮಾಷಿ ಮಾಡ್ಬೇಡಿ. ಸೌಂಡೇ ಇಲ್ಲ."

"ಇದೆ ಕಣ್ರೀ ನಯಾಜ್. ಸುಯ್ ಅಂತ. ಕುಕ್ಕರ್ ವಿಷಲ್ ಬರೋ ಮೊದಲು ಬರುತ್ತಲ್ಲ, ಆ ಥರ."

"ಸುಯ್ ಅಂತನಾ?" ಸುಮಿತ್ರೆ ಕೇಳಿದಳು. "ನಂಗೆ ಇಷ್ಟು ದಿನ ಕೇಳುಸ್ತಿದ್ದುದ್ದು ಗರಗರ ಅಂತ ಕಣ್ರೀ."

ನಯಾಜ್ ಭಾಯಿ ಪ್ಲಗ್ ಕಿತ್ತರು. ಫಿಲ್ಟರನ್ನು ತೊಟ್ಟಿಯಿಂದ ಎತ್ತಿ, ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಟೀಪಾಯಿಯ ಮೇಲೆ ಪೇಪರು ಹಾಸಿ ಇಟ್ಟರು.

"ಈಗ, ಸಾರ್?"

ಫಿಲ್ಟರು ಟೀಪಾಯಿಯ ಮೇಲಿತ್ತು. ಪ್ಲಗ್ ಅವರ ಕೈಯಲ್ಲಿತ್ತು.

"ಬರ್ತಾ ಇದೆ" ಎಂದೆ.

ಸುಮಿತ್ರೆ ನನ್ನ ಎಡಕ್ಕೆ ಬಂದು ನಿಂತಳು. "ಬಲಗಿವಿ ಮುಚ್ಕಳಿ" ಎಂದಳು. ಅಂಗೈಯಿಂದ ಒತ್ತಿ ಮುಚ್ಚಿಕೊಂಡೆ. ಅವಳ ತುಟಿ ಅಲುಗಿತು. ಮತ್ತೆ ಅಲುಗಿತು. ಆ ಸುಯ್ ಶಬ್ದ ಬಿಟ್ಟು ಜಗತ್ತಿನಲ್ಲಿ ಬೇರೇನೂ ಇರಲಿಲ್ಲ.

ಆಗ ನೀನು ಏನು ಹೇಳಿದೆ ಎಂದು ಆಮೇಲೆ ಕೇಳಿದೆ. "ಕಾಫಿ ಕುಡೀತೀರಾ ಅಂದೆ" ಎಂದಳು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರಿಗೆ ಹೋದೆವು. ಇಎನ್‌ಟಿ ವೈದ್ಯೆ ಟ್ಯೂನಿಂಗ್ ಫೋರ್ಕನ್ನು ಮಿಡಿದು ಹಣೆಯ ಮಧ್ಯಕ್ಕೆ ಇಟ್ಟರು. ಯಾವ ಕಡೆ ಕೇಳುತ್ತದೆ ಎಂದರು. ಬಲಗಡೆ ಎಂದೆ. ಅವರು ಬರೆದುಕೊಂಡರು. ಆಡಿಯೋಮೆಟ್ರಿ ಪರೀಕ್ಷೆಗೆ ಸದ್ದು ನುಗ್ಗದ ಗಾಜಿನ ಗೂಡಿನೊಳಗೆ ಕೂರಿಸಿದರು. ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಾಗಿಲು ಮುಚ್ಚಿದೊಡನೆ ನನ್ನ ಸದ್ದು ಹಿಂದೆಂದೂ ಇಲ್ಲದಷ್ಟು ದೊಡ್ಡದಾಯಿತು. ಬಲಗಿವಿಯ ಸರದಿಯಲ್ಲಿ ಬೆರಳು ತಾನಾಗಿ ಒತ್ತುತ್ತಿತ್ತು. ಎಡಗಿವಿಯ ಸರದಿ ಬಂದಾಗ ಗಾಜಿನಾಚೆ ಕೂತ ಹುಡುಗಿಯ ಕೈ ಯಂತ್ರದ ಮೇಲೆ ಆಡುತ್ತಿರುವುದು ಕಾಣುತ್ತಿತ್ತು. ನನ್ನ ಬೆರಳು ಗುಂಡಿಯ ಮೇಲೆ ಕಾಯುತ್ತಲೇ ಇತ್ತು.

ವರದಿಯ ಹಾಳೆಯಲ್ಲಿ ಎರಡು ಗೆರೆ. ಬಲಗಿವಿಯದು ಮೇಲೆ ನೇರವಾಗಿತ್ತು. ಎಡಗಿವಿಯದು ಬೆಟ್ಟದಪುರದ ಬೆಟ್ಟ ಇಳಿದ ಹಾಗೆ ಇಳಿದಿತ್ತು.

"ಸಡನ್ ಹಿಯರಿಂಗ್ ಲಾಸ್ ಅಂತೀವಿ. ಒಳಗಿವಿಯ ತೊಂದರೆ" ಎಂದರು ವೈದ್ಯೆ. "ಆ ಸದ್ದು ಟಿನಿಟಸ್. ಕೇಳಿಸಬೇಕಾದ್ದು ಕೇಳಿಸದೆ ಇದ್ದಾಗ ಮೆದುಳು ತಾನೇ ಹುಟ್ಟಿಸಿಕೊಳ್ಳೋದು. ಯಾವತ್ತು ಶುರುವಾಯ್ತು?"

ನೋಟ್‌ಪ್ಯಾಡ್ ತೆರೆದು ಕೊಟ್ಟೆ. ಅವರು ಓದಿದರು.

"ಇದನ್ನ ಯಾರು ಬರೆದಿದ್ದು?"

"ನಾನೇ, ಮೇಡಂ. ಫಿಲ್ಟರ್ ರಿಪೇರಿಗೆ ಅಂತ."

ಅವರು ನಗಲಿಲ್ಲ. ಅವರ ಬೆರಳು ಆರನೇ ದಿನದ ಸಾಲಿನ ಮೇಲೆ ನಿಂತಿತು. ಕರೆಂಟ್ ಹೋಯಿತು, ಸದ್ದು ಇದೆ, ಯುಪಿಎಸ್ ಇರಬೇಕು.

"ಅವತ್ತು ಬಂದಿದ್ದರೆ ಚೆನ್ನಾಗಿತ್ತು" ಎಂದರು. "ಮೊದಲ ಎರಡು ವಾರದೊಳಗೆ ಸ್ಟೆರಾಯ್ಡ್ ಕೊಟ್ಟರೆ ವಾಪಸ್ ಬರೋ ಸಾಧ್ಯತೆ ಹೆಚ್ಚು. ಈಗ ಹದಿನೆಂಟು ದಿನ. ಪ್ರಯತ್ನ ಮಾಡೋಣ. ಮಾತು ಕೊಡೋಕಾಗಲ್ಲ."

ಬಸ್ಸಿನಲ್ಲಿ ಸುಮಿತ್ರೆ ಕಿಟಕಿಯ ಪಕ್ಕ, ನನ್ನ ಎಡಕ್ಕೆ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಎದ್ದು, ನನ್ನನ್ನು ಕಿಟಕಿಗೆ ಸರಿಸಿ, ಬಲಕ್ಕೆ ಬಂದು ಕೂತಳು.

ನನ್ನ ತಪ್ಪನ್ನು ನಾನು ಹಲವು ಸಲ ಪರಿಶೀಲಿಸಿದ್ದೇನೆ. ಖಚಿತಪಡಿಸಿಕೊಳ್ಳದೆ ಬರೆದೆ ಎಂದರೆ ಸುಳ್ಳಾಗುತ್ತದೆ. ಹೆಂಡತಿಯನ್ನು ಕೇಳಿದ್ದೆ, ಅಂಗಡಿಯವರನ್ನು ಕೇಳಿದ್ದೆ, ಇಬ್ಬರೂ ಸದ್ದು ಇದೆ ಎಂದಿದ್ದರು, ಮತ್ತು ಇಬ್ಬರೂ ನಿಜ ಹೇಳಿದ್ದರು. ಹೊಸಬರಿಗೆ ನಾನೇ ಹೇಳಿಕೊಡುವ ಮಾತೊಂದಿದೆ: ಸಾಕ್ಷಿಗೆ ಉತ್ತರವನ್ನು ನೀವೇ ಕೊಟ್ಟು ಅವರಿಂದ ಹೂಂ ಅನ್ನಿಸಿಕೊಳ್ಳಬೇಡಿ. "ಫಿಲ್ಟರ್ ಸದ್ದು ಮಾಡ್ತಾ ಇದೆಯಲ್ಲ" ಎಂದು ಕೇಳಿದವನು ನಾನು. "ನಿನಗೆ ಏನು ಕೇಳಿಸ್ತಿದೆ" ಎಂದು ಕೇಳಿದ್ದರೆ, ಗರಗರ ಎಂಬ ಒಂದು ಮಾತು ಮೊದಲ ದಿನವೇ ಸಿಗುತ್ತಿತ್ತು.

ಸ್ಟೆರಾಯ್ಡ್ ಮಾತ್ರೆ ಶುರುವಾಯಿತು. ರಕ್ತದಲ್ಲಿ ಸಕ್ಕರೆ ಪ್ರಮಾಣ ಏರಿತು. ಮುಖ ಊದಿತು, ಸಣ್ಣ ಮಾತಿಗೂ ರೇಗುತ್ತಿದ್ದೆ. ವಾರಕ್ಕೊಂದರಂತೆ ಮೂರು ಸಲ ಕಿವಿಯ ತಮಟೆಯ ಮೂಲಕ ಸೂಜಿ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಪಕ್ಕಕ್ಕೆ ಮಲಗಿರಬೇಕು, ಮಾತನಾಡಬಾರದು, ಉಗುಳು ನುಂಗಬಾರದು. ಆ ಅರ್ಧ ಗಂಟೆ ಗೋಡೆಯ ಗಡಿಯಾರದ ಮುಳ್ಳು ನೋಡುತ್ತಾ, ಔಷಧಿ ಎಲ್ಲಿಯವರೆಗೆ ಇಳಿದಿರಬಹುದು ಎಂದು ಯೋಚಿಸುತ್ತಿದ್ದೆ.

ಇದರ ನಡುವೆ ಎಂಆರ್‌ಐ. ಕಿವಿಯ ನರದ ಮೇಲೆ ಗೆಡ್ಡೆ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು ಎಂದಿದ್ದರು. ವರದಿ ಬರಲು ಎರಡು ದಿನ. ಆ ಎರಡು ದಿನ ಸುಮಿತ್ರೆ ತೊಟ್ಟಿಯ ಗಾಜು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಇನ್ನೂ ಉಜ್ಜಿದ್ರೆ ಗಾಜು ಸವೆದು ಮೀನು ಈಚೆ ಬೀಳ್ತವೆ" ಎಂದೆ. "ನೀವು ಸುಮ್ನೆ ಕೂತ್ಕಳಿ" ಎಂದಳು, ತಿರುಗಿ ನೋಡದೆ.

ಗೆಡ್ಡೆ ಇರಲಿಲ್ಲ.

ಅವಳು ಬಟ್ಟೆಯನ್ನು ಹಿಂಡಿ, ಒಣಹಾಕಿ, ಹಿತ್ತಿಲ ಕಲ್ಲಿನ ಮೇಲೆ ಕೂತು ಅತ್ತಳು.

ಆರನೇ ವಾರದ ಆಡಿಯೋಮೆಟ್ರಿಯಲ್ಲಿ ಎಡಗಿವಿಯ ಗೆರೆ ಒಂದು ಕಡೆ ಸ್ವಲ್ಪ ಏರಿತ್ತು. ದಪ್ಪ ದನಿಗಳು ಈಗ ದೂರದಿಂದ ಬಂದ ಹಾಗೆ ಕೇಳುತ್ತವೆ. ಸಣ್ಣ ದನಿಗಳು ಇಲ್ಲ. ಲಾರಿ ಕೇಳುತ್ತದೆ, ಸೈಕಲ್ ಬೆಲ್ ಕೇಳುವುದಿಲ್ಲ. ಇಷ್ಟೇ ಇರಬಹುದು ಎಂದರು ವೈದ್ಯೆ. ಸುಯ್ ಶಬ್ದ ಹೋಗಲಿಲ್ಲ. ಅದು ಹೋಗದೆಯೂ ಇರಬಹುದು ಎಂದರು.

"ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ. ಪಕ್ಕದಲ್ಲಿ ಏನಾದರೂ ಮೆಲುವಾದ ಸದ್ದು ಇರಲಿ. ಫ್ಯಾನು, ರೇಡಿಯೋ. ನೀರು ಬೀಳೋ ಸದ್ದು ಒಳ್ಳೆಯದು."

ಸುಮಿತ್ರೆ ನನ್ನ ಮುಖ ನೋಡಿದಳು.

ಹುಣಸೂರಿನಲ್ಲಿ ಬಸ್ಸಿಳಿದು ನೇರ ನಯಾಜ್ ಭಾಯಿಯ ಅಂಗಡಿಗೆ ಹೋದೆವು. ಫಿಲ್ಟರು ಸದ್ದು ಮಾಡುವ ಹಾಗೆ ಮಾಡಿಕೊಡಬೇಕು ಎಂದೆ.

"ಅರೇ ಅಲ್ಲಾ!" ಎಂದರು. "ಸೌಂಡ್ ನಿಲ್ಸು ನಿಲ್ಸು ಅಂತ ನನ್ ತಲೆ ತಿಂದ್ರಿ. ಈಗ ಸೌಂಡ್ ಮಾಡ್ಸು ಅಂತೀರಾ? ನಾಳೆ ಮೀನು ಕೈಲಿ ಹಾಡ್ಸು ಅಂತೀರಿ."

ಮನೆಗೆ ಬಂದು ತೊಟ್ಟಿಯಿಂದ ನೀರು ತೆಗೆದರು. ಎರಡು ಬೆರಳಿನಷ್ಟು. ಫಿಲ್ಟರಿನ ಬಾಯಿಗೂ ನೀರಿಗೂ ನಡುವೆ ಜಾಗವಾಯಿತು. ನೀರು ಬೀಳತೊಡಗಿತು. "ಸಾಕಾ?" ಎಂದರು. ಇನ್ನೊಂದು ಚೊಂಬು ಎಂದೆ. ಸುಯ್ ಶಬ್ದ ನಿಲ್ಲಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ನಿಂತ ಹಾಗಾಯಿತು. ಆ ದಿನ ಎಷ್ಟೋ ವಾರಗಳ ನಂತರ ಒಂದೇ ಸಲಕ್ಕೆ ಕೂತು ಒಂದು ವರದಿ ಮುಗಿಸಿದೆ.

ಈಗ ಫೋನ್ ಯಾವಾಗಲೂ ಸ್ಪೀಕರಿನಲ್ಲಿ. ಜವರಣ್ಣನ ಆನೆ ಸುದ್ದಿ ಓದುಗರಿಗಿಂತ ಮೊದಲು ಅಡುಗೆಮನೆಗೆ ತಲುಪುತ್ತದೆ. ಪ್ರತಿ ಬೆಳಿಗ್ಗೆ ಎದ್ದೊಡನೆ ಬಲಗಿವಿಯ ಹತ್ತಿರ ಎರಡು ಬೆರಳು ಉಜ್ಜಿ ನೋಡಿಕೊಳ್ಳುತ್ತೇನೆ. ಕೇಳುತ್ತದೆ. ಕೇಳುವವರೆಗಿನ ಆ ಒಂದು ಕ್ಷಣಕ್ಕೆ ಇನ್ನೂ ಹೆದರುತ್ತೇನೆ. ಉಳಿದಿರುವುದು ಆ ಒಂದೇ ಕಿವಿ.

ಕಳೆದ ವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಕರೆಂಟ್ ಹೋಯಿತು. ಫಿಲ್ಟರು ನಿಂತಿತು. ನೀರು ಬೀಳುವುದು ನಿಂತೊಡನೆ ಆ ಶಬ್ದ ಮುಂದೆ ಬಂದು ಕೋಣೆ ತುಂಬಿತು. ನೋಟ್‌ಪ್ಯಾಡ್ ತೆಗೆದು ಬರೆದೆ: "4.20. ಕರೆಂಟ್ ಹೋಯಿತು. ಸದ್ದು ಇದೆ. ನನ್ನದು."

ಸುಮಿತ್ರೆ ಒಳಗಿನಿಂದ ಅವರೆಕಾಯಿಯ ಮೊರ ಹಿಡಿದು ಬಂದಳು. ನನ್ನ ಬಲಕ್ಕೆ ಸ್ಟೂಲ್ ಎಳೆದು ಕೂತಳು. ಕಾಯಿ ಸುಲಿಯುತ್ತಾ ಅಂಗನವಾಡಿಯ ಮಕ್ಕಳ ಕಥೆ ಶುರುಮಾಡಿದಳು. ಒಬ್ಬಳು ಮೊಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೊರಟಿದ್ದಳಂತೆ, ಮರಿ ಮಾಡಿಸಲು. "ಬೇಯ್ಸಿದ್ದು ಕಣವ್ವ ಅಂದ್ರೆ ನಂಬ್ನೇ ಇಲ್ಲ" ಎಂದಳು. ಒಂದು ಕಥೆ ಮುಗಿದರೆ ಇನ್ನೊಂದು. ಎಲ್ಲೂ ನಿಲ್ಲಿಸಲಿಲ್ಲ.

4.47ಕ್ಕೆ ಕರೆಂಟ್ ಬಂತು. ನೀರು ಬೀಳತೊಡಗಿತು.

ಅವಳು ತೊಟ್ಟಿಯ ಕಡೆ ಒಮ್ಮೆ ನೋಡಿ, ಮೊರ ಎತ್ತಿಕೊಂಡು ಒಳಗೆ ಹೋದಳು.