ಪೈಲಟ್ ಸಾಹೇಬನ ಹೆಸರಿನ ಕಾಯಿ

ಮಾನ್ಯ ಓದುಗರೆ,

ಪ್ರಥಮತಃ ಈ ಬರಹದಲ್ಲಿರಬಹುದಾದ ಕಾಗುಣಿತದ ದೋಷಗಳಿಗೂ, ಸ್ಟೇರಿಂಗ್ ಹಿಡಿದು ಒರಟಾದ ಕೈಯಿಂದ ಮೂಡಿದ ಸೊಟ್ಟ ಅಕ್ಷರಗಳಿಗೂ ತಮ್ಮಲ್ಲಿ ಕ್ಷಮೆ ಯಾಚಿಸುತ್ತೇನೆ. ಇಂಡಿ–ಸಿಂದಗಿ ಮಾರ್ಗದ ಬಸ್ ಚಾಲಕನಾದ ನಾನು ಈವರೆಗೆ ಬರೆದದ್ದು ರಜೆಯ ಅರ್ಜಿಗಳನ್ನು ಮತ್ತು ಮೇಲಧಿಕಾರಿಗಳಿಗೆ ಸಲ್ಲಿಸಿದ ಸಮಜಾಯಿಷಿಗಳನ್ನು ಮಾತ್ರ. ಆದಕಾರಣ ಮನಸ್ಸಿನ ಮಾತನ್ನೂ ಅದೇ ಧಾಟಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಈ ದಿನ ಬೆಳಿಗ್ಗೆ ಇಂಡಿಯ ಬಸ್ ನಿಲ್ದಾಣದ ಎದುರು ಬಟ್ಟೆ ಅಂಗಡಿಯವರು ಹೊಸ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಬಿಳಿ ಅಂಗಿ, ಭುಜದ ಮೇಲೆ ಬಂಗಾರದ ಪಟ್ಟಿ, ಕೈಯಲ್ಲಿ ಟೋಪಿ ಹಿಡಿದು ನಗುತ್ತಾ ನಿಂತವನನ್ನು ನೋಡಿದೊಡನೆ ನನ್ನ ಕೈಯಲ್ಲಿದ್ದ ಚಹಾ ರುಚಿಗೆಟ್ಟಿತು. ಅವನು ಧಾರಾವಾಹಿಯ ಪೈಲಟ್ ಸಮರ್ಥ. ನಾನು ಜೀವಮಾನದಲ್ಲಿ ಯಾರ ಮೇಲಾದರೂ ಮನಸಾರೆ ಹೊಟ್ಟೆಕಿಚ್ಚು ಪಟ್ಟಿದ್ದರೆ ಅದು ಇವನ ಮೇಲೆ. ಇವನು ಎಲ್ಲಿಯೂ ಇಲ್ಲದ ಮನುಷ್ಯನೆಂಬುದು ಗೊತ್ತಿದ್ದೂ ಹೀಗಾಯಿತೆಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ಸದರಿ ಸಮರ್ಥನಿಗೆ ಕುಡಿತದ ಚಟ. ಆಣೆ ಮಾಡಿ ಬಿಡುವನು, ಮತ್ತೆ ಹಿಡಿಯುವನು. ದಿನಾ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಸೇರಿ ಟೀವಿಯಲ್ಲಿ ಈ ಧಾರಾವಾಹಿ ನೋಡುತ್ತಿದ್ದರು; ಮುಗಿದ ಮೇಲೆ ತಮ್ಮ ತಮ್ಮ ಅಭಿಪ್ರಾಯ ಮಂಡಿಸುತ್ತಿದ್ದರು.

"ಪಾಪ, ಮ್ಯಾಲ ಮುಗಲಾಗ ಒಬ್ಬನ ಇರ್ತಾನವಾ. ಕುಡೀದ ಏನ ಮಾಡ್ಯಾನು?" ಎಂದು ನೆರೆಮನೆಯ ನೀಲವ್ವ ಕಾಕು.

"ಆ ಹೇಣ್ತಿನ ಚಲೋ ಇಲ್ಲ. ಒಂದಿನಾ ಸಮಾಧಾನದ್ಲೆ ಮಾತಾಡ್ಸ್ಯಾಳೇನು?" ಎಂದು ನಮ್ಮ ಅವ್ವ.

ನನ್ನ ಹೆಂಡತಿ ಶಾಂತಾ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಉರಿಯುತ್ತಿದ್ದುದು ಆ ಸೆರಗನ್ನು ಕಂಡು.

ಯಾಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಕುಡಿಯುತ್ತಿದ್ದೆ. ನಮ್ಮಲ್ಲಿ ಚಾಲಕರು ಗಾಡಿ ಹತ್ತುವ ಮೊದಲು ಒಂದು ಯಂತ್ರಕ್ಕೆ ಊದಿ ತೋರಿಸಬೇಕು. ಒಂದು ಮುಂಜಾನೆ ಅದು ನನ್ನ ಹಿಂದಿನ ರಾತ್ರಿಯನ್ನು ಬಯಲು ಮಾಡಿತು, ನಾನು ಅಮಾನತಾದೆ. ಆಗ ಇದೇ ಕಾಕು ಓಣಿಗೆಲ್ಲ ಕೇಳುವಂತೆ, "ಅಷ್ಟ ಮಂದಿ ಜೀವಾ ಕೈಯಾಗ ಹಿಡ್ಕೊಂಡು ಕುಡೀತಾನಲ್ಲ, ನಾಚಿಕಿಲ್ಲೇನ ಇವಗ?" ಎಂದಿದ್ದಳು. ಅವ್ವ ನನ್ನ ಸಂಗಡ ಮಾತು ಬಿಟ್ಟಳು. ಶಾಂತಾ ನನ್ನೆದುರು ಒಂದು ಹನಿಯನ್ನೂ ಹಾಕಲಿಲ್ಲ. ಕಷ್ಟಪಟ್ಟು ನಾನು ಕುಡಿತ ಬಿಟ್ಟಾಗ ಫೋನು ಮಾಡದ ಬಸವನ ಬಾಗೇವಾಡಿಯ ಅಕ್ಕ, ಸಮರ್ಥ ಒಂದು ಬಾಟಲಿ ಒಡೆದದ್ದಕ್ಕೆ ಫೋನು ಮಾಡಿ, "ತಮ್ಮಾ, ನೋಡಿದೇನೋ? ಒಗದಬಿಟ್ಟ ನೋಡಾ!" ಎಂದು ಹಿಗ್ಗಿದಳು.

ನನಗೂ ಅವನಿಗೂ ವ್ಯತ್ಯಾಸವೇನೆಂದು ಬಸ್ಸು ನಡೆಸುತ್ತಾ ವಿಚಾರ ಮಾಡುತ್ತಿದ್ದೆ. ಅವನಿಗೆ ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡದೆ ಸತಾಯಿಸುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ನಿಲುಗಡೆಯಿಲ್ಲದ ಕಡೆ ಇಳಿಸೆಂದು ಯಾರೂ ಜಗಳ ತೆಗೆಯುವುದಿಲ್ಲ. ಕಡೆಗೊಂದು ಸಂಜೆ ಕೇಳಿಯೇಬಿಟ್ಟೆ: "ಕಾಕು, ಅಂವಾ ನನಗಿಂತ ಹೆಚ್ಚ ಮಂದಿನ್ನ ಕುಂಡ್ರಿಸ್ಕೊಂಡ ಹೋಗ್ತಾನಲ್ಲ, ಅವಗ್ಯಾಕ ಪಾಪ ಅಂತೀರಿ?"

"ಆ ಹೇಣ್ತಿ ಇದ್ದೂ ಇಲ್ಲದಂಗ, ಅವಗ ಮ್ವಾಡಾ ಬಿಟ್ರ ಯಾರದಾರಪಾ? ನಿನಗ ಬಿಸಿ ರೊಟ್ಟಿ ಹಾಕಾಕ ಶಾಂತಾ ಇದ್ಲು!" ಎಂದಳು. ಪಡಸಾಲೆಯೆಲ್ಲ ನಕ್ಕಿತು. ಶಾಂತಾ ಮಾತ್ರ ನಗಲಿಲ್ಲ.

ಹೀಗಿರಲಾಗಿ ಧಾರಾವಾಹಿಯಲ್ಲಿ ಸಮರ್ಥನ ಕೆಲಸ ಹೋಯಿತು. ಅವ್ವ ಮತ್ತು ಕಾಕು ಕೂಡಿ, ಅವನ ಹೆಸರಿನಲ್ಲಿ ತಾಂಬಾದ ಹತ್ತಿರದ ಹೊಲದ ಹಣಮಪ್ಪನ ಗುಡಿಯಲ್ಲಿ ಕಾಯಿ ಕಟ್ಟುವುದೆಂದು ತೀರ್ಮಾನಿಸಿದರು. ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಸುತ್ತಿ ಹರಕೆ ಹೊತ್ತು ಕಟ್ಟುವುದು, ಬೇಡಿದ್ದು ಕೈಗೂಡಿದರೆ ಬಂದು ಬಿಚ್ಚಿ ಒಡೆಯುವುದು ಅಲ್ಲಿಯ ಪದ್ಧತಿ.

"ಅವ್ವಾ, ಅಂವಾ ಪಗಾರ ತಗೊಂಡು ಕುಡದಂಗ ಮಾಡ್ತಾನ" ಎಂದೆ.

"ಕುಡದಂಗ ಮಾಡೂದೂ ಚಲೋ ಅಲ್ಲ, ತಗಿ."

ನನ್ನ ವಾರದ ರಜೆಯಂದು ಅವರಿಬ್ಬರನ್ನೂ ಶಾಂತಾಳನ್ನೂ ಕರೆದೊಯ್ಯುವ ಕರ್ತವ್ಯವೂ ನನ್ನ ಪಾಲಿಗೇ ಬಂತು. ಪೂಜಾರಿ ಹೆಸರು ಕೇಳಿದ. "ಸಮರ್ಥ. ವಿಮಾನ ನಡಸ್ತಾನ" ಎಂದಳು ಅವ್ವ, ಸ್ವಂತ ಮಗನ ಹೆಸರು ಹೇಳುವ ಗತ್ತಿನಲ್ಲಿ. ಕಾಯಿ ಕಟ್ಟಿಯಾದ ಮೇಲೆ ಪೂಜಾರಿ ಶಾಂತಾಳ ಕಡೆ ತಿರುಗಿದ.

"ತಂಗಿ, ಮದಲಿನ ಕಾಯಿ ಬಿಚ್ಚೂದಿಲ್ಲೇನು? ಆ ಮೂಲ್ಯಾಗ ಐತಿ ನೋಡು. ಕಾಯಿಗಿ ಸುತ್ತಿದ ಕೆಂಪ ಅರಬಿ ಬಣ್ಣಾ ಹೋಗೇತಿ."

"ಯಾರ ಹೆಸರೀಲೆ ಕಟ್ಟಿದ್ದಿ?" ಎಂದೆ.

"ನಿಮ್ಮ ಹೆಸರೀಲೆರಿ."

ಅಮಾನತಾದ ದಿನಗಳಲ್ಲಿ ಅವಳು ಒಬ್ಬಳೇ ಬಂದು ಕಟ್ಟಿದ್ದಳಂತೆ. ಕೇಳಿದೊಡನೆ ನನ್ನ ಹಳೆಯ ಸ್ವಭಾವ ತಲೆಯೆತ್ತಿತು. "ನಾ ಬಿಟ್ಟು ವರ್ಷಗಟ್ಲೆ ಆತು. ಇನ್ನೂ ಯಾಕ ಬಿಚ್ಚಿಲ್ಲ? ನನ್ನ ಮ್ಯಾಲ ನಂಬಿಕಿಲ್ಲೇನು?"

"ನಿಮ್ಮ ಮ್ಯಾಲ ಐತ್ರಿ. ಆ ಬಾಟ್ಲಿ ಮ್ಯಾಲ ಇಲ್ಲ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಕೆಲ ತಿಂಗಳಲ್ಲಿ ಧಾರಾವಾಹಿ ಮುಗಿಯಿತು. ಕೊನೆಯ ಕಂತಿನಲ್ಲಿ ಸಮರ್ಥ ಕುಡಿತ ಬಿಟ್ಟು ಮತ್ತೆ ವಿಮಾನ ಹತ್ತಿದ. ಮರುದಿನವೇ ಮೂವರೂ ಹೋಗಿ ಅವನ ಕಾಯಿ ಬಿಚ್ಚಿ, ಒಡೆದು, ಓಣಿಗೆಲ್ಲ ಹಂಚಿದರು. ಒಂದೇ ಸಂಜೆಗೆ ಅವನ ಮೇಲೆ ನಂಬಿಕೆ ಹುಟ್ಟಿತೆ, ನನ್ನ ಇಷ್ಟು ವರ್ಷಗಳಿಗೆ ಬೆಲೆಯಿಲ್ಲವೆ ಎಂದು ಸಂಕಟಪಡುತ್ತಲೇ ನನ್ನ ಪಾಲಿನ ಚೂರನ್ನು ತಿಂದೆ. ಸಿಹಿಯಾಗಿಯೇ ಇತ್ತು, ಅದೂ ಸಹಿಸಲಾಗಲಿಲ್ಲ.

ಈಗಿನ ಪರಿಸ್ಥಿತಿ ಹೀಗಿದೆ. ಕಳೆದ ವಾರದಿಂದ ಅದೇ ಧಾರಾವಾಹಿಯನ್ನು ಮಧ್ಯಾಹ್ನ ಮೊದಲಿನಿಂದ ಮರುಪ್ರಸಾರ ಮಾಡುತ್ತಿದ್ದಾರೆ. ಮೊನ್ನೆ ನಾನು ಊಟಕ್ಕೆ ಕುಳಿತಿದ್ದಾಗ ಸಮರ್ಥ ತೆರೆಯ ಮೇಲೆ ಬಾಟಲಿಯ ಮುಚ್ಚಳ ತಿರುವುತ್ತಿದ್ದ. ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನೋಡಿದಳು.

"ನೋಡ್ರಿ, ಮತ್ತ ಸುರು ಮಾಡ್ಯಾನ. ಬಿಚ್ಚಬಾರದಿತ್ತು."

ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ತೆರೆಯ ಕಡೆ ಬೆನ್ನು ತಿರುಗಿಸಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳ ಹೆದರಿಕೆ ಸಮರ್ಥನ ಕುರಿತಾದುದಲ್ಲ, ಎಂದೂ ಅಲ್ಲವೆಂಬುದು, ಅವಳು ಅತ್ತದ್ದೆಲ್ಲ ಯಾರಿಗೆಂಬುದು ನನ್ನ ಮಂದಬುದ್ಧಿಗೆ ಆಗ ಹೊಳೆಯಿತು.

ನಿನ್ನೆ ನನಗೆ ರಜೆಯಿತ್ತು. ಯಾರಿಗೂ ತಿಳಿಸದೆ ಆ ಗುಡಿಗೆ ಹೋಗಿ, ಮೂಲೆಯ ಕಾಯಿಯನ್ನು ಬಿಚ್ಚದೆ, ಬಣ್ಣ ಹೋದ ಬಟ್ಟೆಯ ಮೇಲೆ ಹೊಸ ಕೆಂಪು ಬಟ್ಟೆ ಸುತ್ತಿ ಬಿಗಿಯಾಗಿ ಗಂಟು ಹಾಕಿ ಬಂದಿದ್ದೇನೆ.

ಇದರಲ್ಲಿ ಕಂಡುಬರುವ ತಪ್ಪುಗಳನ್ನು ದಯಮಾಡಿ ತಾವೇ ತಿದ್ದಿಕೊಂಡು ಓದಬೇಕಾಗಿ ಸವಿನಯ ವಿನಂತಿ.